ಒಗ್ಗರಣೆಯ ಎಣ್ಣೆ, ಮನೆತನದ ವಂಶವಾಹಿ: ದೊಡ್ಡಕರುಳಿನ ಕ್ಯಾನ್ಸರ್ ಕುರಿತು ನವುಲೆಯಿಂದ ಒಂದು ವಿವೇಚನೆ

ಶಿವಮೊಗ್ಗದ ನವುಲೆಯಲ್ಲಿ ದಿನಸಿ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್‌ಗಳು. ಎರಡು ತಲೆಮಾರಿನ ಹಿಂದಿನ ಮಲೆನಾಡಿನ ಅಡುಗೆಮನೆಗೆ ಈ ಎಣ್ಣೆ ಗೊತ್ತಿರಲಿಲ್ಲ. ಅರೆದ ತೆಂಗಿನಕಾಯಿ, ಮನೆಯಲ್ಲೇ ಕಾಯಿಸಿದ ತುಪ್ಪ, ಒಗ್ಗರಣೆಗೆ ಒಂದು ಚಮಚ ಗಾಣದೆಣ್ಣೆ, ಚಟ್ನಿಪುಡಿಗೆ ಹುರಿದ ಹುಚ್ಚೆಳ್ಳು. ಊಟದ ಜಿಡ್ಡೆಲ್ಲ ಅಷ್ಟರಲ್ಲೇ ಬರುತ್ತಿತ್ತು. ಸೂರ್ಯಕಾಂತಿ ಎಣ್ಣೆಬೀಜದ ಬೆಳೆಯಾಗಿ ಸೋವಿಯತ್ ಒಕ್ಕೂಟದಿಂದ ಭಾರತಕ್ಕೆ ಬಂದದ್ದು 1969ರಲ್ಲಿ. ಮುಂದೆ ಅದನ್ನು ಹೆಚ್ಚು ಬೆಳೆದ ರಾಜ್ಯಗಳಲ್ಲಿ ಕರ್ನಾಟಕವೇ ಮುಂದಿತ್ತು. ಈ ಬದಲಾವಣೆಯನ್ನು ಹೃದಯದ ಆರೋಗ್ಯದ ದೃಷ್ಟಿಯಿಂದ ಸಾಕಷ್ಟು ಚರ್ಚಿಸಿದ್ದೇವೆ. ಕರುಳಿನ ದೃಷ್ಟಿಯಿಂದ ಚರ್ಚಿಸಿದ್ದು ತೀರ ಕಡಿಮೆ.

ಕೊಬ್ಬಿನ ಪ್ರಮಾಣವೊಂದನ್ನೇ ಹಿಡಿದರೆ ಉತ್ತರ ಸಿಗುವುದಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 48,835 ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. ಸುಮಾರು ಎಂಟು ವರ್ಷ ಕಡಿಮೆ ಕೊಬ್ಬಿನ ಆಹಾರಕ್ರಮ ಅನುಸರಿಸಿದವರಲ್ಲೂ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಹಾಗಾದರೆ ಕೊಬ್ಬಿಗೂ ಈ ರೋಗಕ್ಕೂ ಸಂಬಂಧವೇ ಇಲ್ಲವೆ? ಇದೆ. ಆದರೆ ಕೊಬ್ಬು ಯಾವ ಬಗೆಯದು, ಅದನ್ನು ಅರಗಿಸುವ ದೇಹ ಎಂಥದು ಎಂಬುದನ್ನೂ ಕೇಳಬೇಕು.

ಸೂರ್ಯಕಾಂತಿ ಎಣ್ಣೆಯ ಸಾಮಾನ್ಯ ತಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಲಿನೋಲಿಯಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಅದು ನೂರಕ್ಕೆ ಎರಡರಷ್ಟು. ದೇಹ ಈ ಆಮ್ಲವನ್ನು ಹಂತಹಂತವಾಗಿ ಅರಾಕಿಡಾನಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಕೆಲಸ ಮಾಡುವ ಕಿಣ್ವಗಳ ನಕ್ಷೆ ಇರುವುದು 11ನೇ ವರ್ಣತಂತುವಿನ ಎಫ್‌ಎಡಿಎಸ್1, ಎಫ್‌ಎಡಿಎಸ್2 ವಂಶವಾಹಿಗಳಲ್ಲಿ. ಅರಾಕಿಡಾನಿಕ್ ಆಮ್ಲದಿಂದ ಕಾಕ್ಸ್-2 ಕಿಣ್ವದ ನೆರವಿನಿಂದ ಪ್ರೋಸ್ಟಗ್ಲಾಂಡಿನ್ ಇ2 ಹುಟ್ಟುತ್ತದೆ. ಕರುಳಿನ ಒಳಪದರದಲ್ಲಿ ಉರಿಯೂತ ಎಬ್ಬಿಸುವ, ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ವಸ್ತು ಇದು.

2016ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನೆಯೊಂದು ನಮ್ಮನ್ನು ನೇರವಾಗಿ ತಟ್ಟುತ್ತದೆ. ಎಫ್‌ಎಡಿಎಸ್2ರಲ್ಲಿ 22 ಡಿಎನ್‌ಎ ಅಕ್ಷರಗಳ ಒಂದು ತುಣುಕು ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದವರು ಪುಣೆಯ ಸಸ್ಯಾಹಾರಿಗಳಲ್ಲಿ ಶೇ. 68, ಅಮೆರಿಕದ ಕ್ಯಾನ್ಸಾಸ್‌ನ ಗುಂಪಿನಲ್ಲಿ ಶೇ. 18 ಮಾತ್ರ. ಮಾಂಸ, ಮೀನು ಇಲ್ಲದ ಊಟದಲ್ಲೂ ಅರಾಕಿಡಾನಿಕ್ ಆಮ್ಲವನ್ನು ಚುರುಕಾಗಿ ತಯಾರಿಸಿಕೊಳ್ಳಲು ಈ ತುಣುಕು ನೆರವಾಗುತ್ತದೆ. ಪೂರ್ವ ಏಷ್ಯಾದವರ ಮೇಲಿನ 2014ರ ವಂಶವಾಹಿ ಅಧ್ಯಯನ ಇದೇ ಎಫ್‌ಎಡಿಎಸ್ ನೆಲೆಗೂ ದೊಡ್ಡಕರುಳಿನ ಕ್ಯಾನ್ಸರಿಗೂ ನಂಟು ಕಂಡಿತು.

ಇಲ್ಲಿ ಒಂದು ತೊಡಕಿದೆ. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಯುರೋಪು, ಅಮೆರಿಕಗಳಿಗಿಂತ ಬಹಳ ಕಡಿಮೆ. ಹುಚ್ಚೆಳ್ಳೆಣ್ಣೆಯಲ್ಲೂ ಲಿನೋಲಿಯಿಕ್ ಆಮ್ಲ ಹೇರಳವಾಗಿದೆ. ಅದನ್ನು ಉಂಡ ನಮ್ಮ ಹಿರಿಯರಿಗೆ ಈ ಕಾಟ ಅಷ್ಟಾಗಿ ಇರಲಿಲ್ಲ. ನನ್ನ ತರ್ಕ ಹೀಗಿದೆ: ವಂಶವಾಹಿ ಎಷ್ಟೇ ಚುರುಕಾಗಿರಲಿ, ಅದಕ್ಕೆ ಸಿಗುತ್ತಿದ್ದ ಕಚ್ಚಾವಸ್ತು ಚಮಚದ ಲೆಕ್ಕದಲ್ಲಿತ್ತು, ಜೊತೆಗೆ ಕಾಳು, ಸೊಪ್ಪುಗಳ ನಾರು ಧಾರಾಳವಾಗಿತ್ತು. ಇಂದು ಅದೇ ವಂಶವಾಹಿಯ ಮುಂದೆ ಲೀಟರುಗಟ್ಟಲೆ ಸುರಿಯುತ್ತಿದ್ದೇವೆ.

ನಾರಿನ ಮಾತು ಬಂದದ್ದಕ್ಕೆ ಇನ್ನೊಂದು ಸಾಕ್ಷ್ಯ. ಜಿಡ್ಡು ಹೆಚ್ಚಿದಷ್ಟೂ ಪಿತ್ತರಸ ಹೆಚ್ಚು ಸುರಿಯುತ್ತದೆ. ಅದರ ಆಮ್ಲಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಡಿಆಕ್ಸಿಕೋಲಿಕ್ ಆಮ್ಲವಾಗಿಸುತ್ತವೆ. ಅದು ಕೋಶದ ಡಿಎನ್‌ಎಗೆ ಘಾಸಿ ಮಾಡಬಲ್ಲದು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಫ್ರಿಕನ್ ಅಮೆರಿಕನ್ನರೂ ದಕ್ಷಿಣ ಆಫ್ರಿಕಾದ ಹಳ್ಳಿಗರೂ ಎರಡು ವಾರ ಊಟ ಅದಲುಬದಲು ಮಾಡಿಕೊಂಡರು. ನಾರು ಕಡಿಮೆಯಾಗಿ ಕೊಬ್ಬು ಹೆಚ್ಚಿದ ಹಳ್ಳಿಗರ ಕರುಳಿನಲ್ಲಿ ಉರಿಯೂತದ ಗುರುತುಗಳು ಏರಿದವು, ಅಮೆರಿಕನ್ನರಲ್ಲಿ ಇಳಿದವು. ಹದಿನೈದು ದಿನಗಳಲ್ಲಿ ಯಾರ ವಂಶವಾಹಿಯೂ ಬದಲಾಗಿರಲಿಲ್ಲ.

ಎಪಿಸಿ ವಂಶವಾಹಿಯ ದೋಷ ಹುಟ್ಟಿನಿಂದಲೇ ಬಂದವರ ಸಂಗತಿ ಬೇರೆ. ಅಲ್ಲಿ ಕರುಳಿನ ಒಳಪದರದಲ್ಲಿ ಪಾಲಿಪ್ ಎಂಬ ಗಂಟುಗಳು ನೂರಾರು ಮೂಡುತ್ತವೆ, ಊಟ ಬದಲಿಸಿ ತಡೆಯಲಾಗದು. ವಂಶಪಾರಂಪರ್ಯವಾಗಿಯೇ ಬರುವ ಲಿಂಚ್ ಸಿಂಡ್ರೋಮಿನಲ್ಲಿ ಡಿಎನ್‌ಎ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2 ಮೊದಲಾದ ವಂಶವಾಹಿಗಳು ಕೆಟ್ಟಿರುತ್ತವೆ. ಆದರೂ ಅಲ್ಲಿ ದಾರಿಯಿದೆ: ಇಂಥ 861 ಮಂದಿಯ ಅಧ್ಯಯನದಲ್ಲಿ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ವರ್ಷಗಳ ನಂತರ ಕ್ಯಾನ್ಸರ್ ಕಡಿಮೆಯಾಯಿತು. ಆಸ್ಪಿರಿನ್ ತಡೆಯುವುದು ಕಾಕ್ಸ್ ಕಿಣ್ವವನ್ನೇ ಎಂಬುದನ್ನು ಗಮನಿಸಬೇಕು. ಆದರೆ ಇದು ವೈದ್ಯರ ನಿಗಾದಲ್ಲಿ ಮಾತ್ರ ನುಂಗಬೇಕಾದ ಮಾತ್ರೆ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಎಣ್ಣೆ, ವಂಶವಾಹಿಗಳ ಈ ತರ್ಕವನ್ನು ನಮ್ಮಲ್ಲೇ ಪರೀಕ್ಷಿಸಬಹುದು. ಕ್ಯಾನ್ಸರ್ ನೋಂದಣಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದಲೂ ನಡೆದಿದೆ. ನವುಲೆಯಲ್ಲಿ ಕೃಷಿ ಕಾಲೇಜಿದೆ, ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ. ಎಣ್ಣೆಬೀಜ ಬಲ್ಲವರೂ ಕರುಳು ಬಲ್ಲವರೂ ಒಂದೇ ಊರಿನಲ್ಲಿದ್ದಾರೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಿಂಗಳುಗಟ್ಟಲೆ ಸುಮ್ಮನಿರುವವರು ಕೊನೆಗೆ ಆಸ್ಪತ್ರೆಗೆ ಬಂದಾಗ ಚೀಟಿಯಲ್ಲಿ ಎರಡು ಸಾಲು ಹೆಚ್ಚು ಬರೆದುಕೊಂಡರೂ ಅಧ್ಯಯನ ಶುರುವಾಗುತ್ತದೆ: ಅಪ್ಪ, ಅಮ್ಮ, ಸೋದರಮಾವ, ಅತ್ತೆಯರಲ್ಲಿ ಯಾರಿಗೆ ಯಾವ ವಯಸ್ಸಿಗೆ ಕ್ಯಾನ್ಸರ್ ಬಂದಿತ್ತು, ಮನೆಯಲ್ಲಿ ಒಂದು ಲೀಟರ್ ಎಣ್ಣೆ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ.