ಬೆಳವನ ಮೇಲೆ ಡೌ ಹೊರಿಸಬೇಡಿ

ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಹೊಸ ಕೂಲಿಂಗ್ ಗ್ಲಾಸ್ ಹಾಕಿ ಕತ್ತು ಕೊಂಕಿಸಿ ನಿಂತವನಿಗೆ ಅವನ ಗೆಳೆಯ, "ಸಾಕು ಬಿಡೋ, ಡೌ ಮಾಡ್ಬೇಡ" ಎಂದ. ಬಿಂಕ, ಬಡಾಯಿ, ಸೋಗು, ಒಯ್ಯಾರ ಎಂದು ಮನೆ ತುಂಬ ಮಾತಿದ್ದರೂ ಈಗಿನವರಿಗೆ ಎಲ್ಲಕ್ಕೂ ಒಂದೇ ಡೌ. ಪ್ರೀತಿಸಿದ ಹುಡುಗಿಯೂ ಡೌ, ಹೇಳಿದ ಸುಳ್ಳೂ ಡೌ, ಜಂಭಗಾರ 'ಡೌ ರಾಜ'!

ಇದು ಬೆಳವದ ಹಕ್ಕಿಯ ಇಂಗ್ಲಿಷ್ ಹೆಸರಾದ 'ಡವ್'ನಿಂದ ಬಂತೋ ಸಿನಿಮಾದಿಂದಲೋ, ಪಂಡಿತರು ಬಡಿದಾಡಲಿ. ಗಂಡು ಬೆಳವವನ್ನು ಕಣ್ಣಾರೆ ಕಂಡವನೇ ಈ ಮಾತು ಹುಟ್ಟಿಸಿದ್ದು ಎನ್ನುವುದು ನನ್ನ ಹಟ. ಹೆಣ್ಣಿನ ಮುಂದೆ ಅದು ಕೊರಳುಬ್ಬಿಸಿ, ತಲೆ ಬಗ್ಗಿಸಿ ಬಗ್ಗಿಸಿ ಗೂಗುಡುತ್ತದೆ. ಆಕೆ ಮುಖ ತಿರುಗಿಸಿ ನಡೆದರೆ ಹಿಂದೆಯೇ ಓಡಿ ಮತ್ತೆ ಬಗ್ಗುತ್ತದೆ. ಇದಕ್ಕಿಂತ ದೊಡ್ಡ ಡೌ ಉಂಟೆ?

ಶ್ರೀನಿವಾಸಪುರದ ನಮ್ಮ ಮಾವಿನ ತೋಪಿನಲ್ಲಿ ಅಜ್ಜಿಗೆ ಅದು ಬೆಳವ, ಪಕ್ಕದ ತೋಟದ ತೆಲುಗಿನವರಿಗೆ ಗುವ್ವ. ಗೂಡೆಂದರೆ ನಾಲ್ಕು ಕಡ್ಡಿ. ಕೆಳಗೆ ನಿಂತರೆ ಸಂದಿಯಲ್ಲೇ ಎರಡು ಬಿಳಿ ಮೊಟ್ಟೆ ಕಾಣಬೇಕು. ನಾವು ನಕ್ಕರೆ ಅಜ್ಜಿ, "ಮನೆ ನೋಡ್ಬೇಡ್ರೋ, ಸಂಸಾರ ನೋಡ್ರಿ" ಎನ್ನುತ್ತಿದ್ದಳು. ಈ ಮಾತನ್ನು ಆಕೆ ಎಲ್ಲಿ ಬೇಕಾದರೂ ಎಸೆಯುವವಳು. ಹೆಣ್ಣು ನೋಡಲು ಬಂದವರು ಹೆಂಚು ಎಣಿಸಿದರೂ ಇದೇ, ಪಾಲು ಕೇಳಲು ಬಂದ ಅಣ್ಣತಮ್ಮಂದಿರಿಗೂ ಇದೇ. ಹೆಂಡತಿ ಅಳುವ ಕೂಸನ್ನೆತ್ತಿಕೊಂಡು ಒಲೆ ಊದುವಾಗ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಚಿಕ್ಕಪ್ಪನನ್ನಂತೂ, "ತೋಪಿಗೆ ಹೋಗಿ ಬೆಳವನ್ನ ನೋಡ್ಕೊಂಡು ಬಾ" ಎಂದು ಎಬ್ಬಿಸಿ ಅಟ್ಟಿದ್ದಳು.

ಅಜ್ಜಿ ಓದಿದವಳಲ್ಲ, ಆದರೆ ಲೆಕ್ಕ ಸರಿ. ಬೆಳವ, ಪಾರಿವಾಳಗಳ ಕುಲದಲ್ಲಿ ಗಂಡು ಹೆಣ್ಣು ಎರಡೂ ಕಾವು ಕೂರುತ್ತವೆ. ಗುಡಿ ಗೋಪುರದ ಪಾರಿವಾಳದ ಮೊಟ್ಟೆಗೆ ಸುಮಾರು 18 ದಿನದ ಕಾವು. ಹೆಚ್ಚಾಗಿ ಹಗಲು ಪಾಳಿ ಅಪ್ಪನದು, ರಾತ್ರಿಯದು ಅಮ್ಮನದು. ಮರಿ ಒಡೆದು ಬಂದ ಮೊದಲ ದಿನಗಳಲ್ಲಿ ಕಾಳು ಕೊಡುವುದಿಲ್ಲ. ಇಬ್ಬರ ಗಂಟಲಚೀಲದಲ್ಲೂ ಮೊಸರಿನಂಥ ಹಾಲು ಊರುತ್ತದೆ, ಅದನ್ನೇ ಕುಡಿಸುತ್ತವೆ. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಬದುಕುವ ನಮ್ಮ ಕೋಲಾರ ಸೀಮೆಯಲ್ಲಿ ಅಪ್ಪನೇ ಹಾಲು ಕೊಡುವ ಮನೆ ಇನ್ನೊಂದಿದ್ದರೆ ತೋರಿಸಿ!

ಒಲಿಸುವಾಗ ಮಾಡಿದ ಡೌವನ್ನು ಬೆಳವ ದುಡಿದು ತೀರಿಸುತ್ತದೆ. ತೀರಿಸದವರಿಗೆ ಬಡಾಯಿಗಾರ ಎನ್ನಿ, ಸೋಗಲಾಡಿ ಎನ್ನಿ. ಪಾಪದ ಹಕ್ಕಿಯ ತಂಟೆಗೆ ಹೋಗಬೇಡಿ.