ಬರಹ ಹೆಂಡತಿಯದು, ಸಹಿ ಗಂಡನದು

ನಮ್ಮ ಕಡೆ ಮನೆಯ ಹಿರಿಯ ಹೆಣ್ಣುಮಗಳು ತೀರಿಕೊಂಡರೆ ತಿಥಿಯ ಹೊತ್ತಿಗೆ ಎಲ್ಲರ ವಾಟ್ಸಾಪಿಗೂ ಒಂದು ಚಿತ್ರ ಬರುತ್ತದೆ. ಮೇಲೆ ಫೋಟೋ, ಕೆಳಗೆ ಎರಡು ಸಾಲು: ಪತಿಗೆ ತಕ್ಕ ಸತಿ, ಮಮತೆಯ ತಾಯಿ, ಮೊಮ್ಮಕ್ಕಳ ಅಕ್ಕರೆಯ ಅಜ್ಜಿ. ಸುಳ್ಳೇನಲ್ಲ. ಆದರೆ ಆಕೆ ಐವತ್ತು ಅರವತ್ತು ವರ್ಷ ಏನೇನು ಕೆಲಸ ಮಾಡಿದಳು, ಆ ಮನೆ ಯಾರ ದುಡಿಮೆಯಿಂದ ನಿಂತಿತ್ತು ಎನ್ನುವುದು ಆ ಎರಡು ಸಾಲಿನಲ್ಲಿ ಇರುವುದಿಲ್ಲ.

ಇದು ಇದ್ದಕ್ಕಿದ್ದಂತೆ ತಲೆಗೆ ಬಂದದ್ದಲ್ಲ. 2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ ಎಲ್ಲರೂ ಅವರ ಬಗ್ಗೆ ಬರೆದರು. ನಮಗೆ ನೆನಪಾದದ್ದು ಅವರ ತಾಯಿ. ಹೆಸರು ಗೌರಮ್ಮ. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ನುಗ್ಗೇಹಳ್ಳಿ ಸಿಗುತ್ತದಲ್ಲ, ಸಂತೇಶಿವರ ಆ ಕಡೆಯ ಊರು. ಜಿಲ್ಲೆ ಹಾಸನವಾದರೂ ಅದೇ ತೆಂಗು, ಅದೇ ರಾಗಿ, ಅದೇ ಮಾತು. ಮಗನ ಹೆಸರಿನಲ್ಲಿ ಊರೂ ಇದೆ, ತಂದೆ ಲಿಂಗಣ್ಣಯ್ಯನವರೂ ಇದ್ದಾರೆ: ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ತಾಯಿಯ ಹೆಸರಿಗೆ ಇನಿಷಿಯಲ್ಲಿನಲ್ಲಿ ಜಾಗವಿಲ್ಲ, ನಮ್ಮ ನಿಮ್ಮ ತಾಯಂದಿರ ಹೆಸರಿಗೂ ಇಲ್ಲದ ಹಾಗೆ.

ಆ ತಾಯಿಗೆ ಮಗ ಜಾಗ ಕೊಟ್ಟದ್ದು 1970ರ 'ಗೃಹಭಂಗ' ಕಾದಂಬರಿಯಲ್ಲಿ. ಕತೆ ನಡೆಯುವುದು ತಿಪಟೂರು ತಾಲ್ಲೂಕಿನ ರಾಮಸಂದ್ರ ಎಂಬ ಹಳ್ಳಿಯಲ್ಲಿ, ಸ್ವಾತಂತ್ರ್ಯಕ್ಕೆ ಮುಂಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ. ನಾಯಕಿ ನಂಜಮ್ಮ. ಗಿರೀಶ ಕಾಸರವಳ್ಳಿಯವರು ಇದನ್ನೇ ಟಿ.ವಿ. ಧಾರಾವಾಹಿ ಮಾಡಿದಾಗ ಮಾಳವಿಕಾ ಆ ಪಾತ್ರ ಮಾಡಿದ್ದರು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಾದಂಬರಿ ಕಾದಂಬರಿಯೇ, ಅದರ ಒಂದೊಂದು ಮಾತೂ ಗೌರಮ್ಮನವರ ಬದುಕಲ್ಲ. ಆದರೂ ನಂಜಮ್ಮನ ಹಿಂದೆ ನಿಂತವರು ಅವರೇ ಎನ್ನುವುದು, ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಂಜಮ್ಮನ ಗಂಡ ಚೆನ್ನಿಗರಾಯ ಶಾನುಭೋಗ. ಶಾನುಭೋಗಿಕೆ ಎಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಊರಿನ ಜಮೀನಿನ ಲೆಕ್ಕ, ಯಾರ ಹೊಲದಲ್ಲಿ ಏನು ಬೆಳೆ, ಯಾರು ಎಷ್ಟು ಕಂದಾಯ ಕಟ್ಟಬೇಕು, ಎಷ್ಟು ಬಾಕಿ, ಎಲ್ಲವನ್ನೂ ಬರೆದಿಡುವ ಕೆಲಸ. ವಂಶಪಾರಂಪರ್ಯವಾಗಿ ಬರುತ್ತಿತ್ತು. ಪಟೇಲ ವಸೂಲಿ ಮಾಡಬೇಕು, ಶಾನುಭೋಗ ಬರೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಿನವರು ಲೆಕ್ಕ ನೋಡುತ್ತಿದ್ದರು. ಪ್ರತಿಫಲ ಪೋಟಿಗಿ, ಅದೂ ವರ್ಷಕ್ಕೊಮ್ಮೆ. ಶಾನುಭೋಗರ ಲೇಖನಿಗೆ ರೈತರು ಹೆದರುತ್ತಿದ್ದ ಕಾಲ ಅದು. ಒಂದು ಅಕ್ಷರ ಆಚೀಚೆಯಾದರೆ ಹೊಲವೇ ಆಚೀಚೆಯಾಗುತ್ತಿತ್ತು. ಹಾಗಾಗಿ ಆ ಪದ್ಧತಿ ಹೊಗಳುವಂಥದ್ದೇನೂ ಅಲ್ಲ.

ಚೆನ್ನಿಗರಾಯನಿಗೆ ಲೆಕ್ಕ ಬಾರದು, ಕಲಿಯುವ ಮನಸ್ಸೂ ಇಲ್ಲ. ಊಟ, ನಿದ್ದೆ, ಬೈಗುಳ, ಅಷ್ಟೇ. ನಂಜಮ್ಮನಿಗೆ ಓದು ಬರಹ ಗೊತ್ತು. ದ್ಯಾವರಸಯ್ಯ ಎಂಬ ಹಳೆಯ ಶಾನುಭೋಗರಿಂದ ಕೆಲಸ ಕಲಿತು ತಾನೇ ಬರೆಯಲು ಕೂರುತ್ತಾಳೆ. ಒಲೆ, ಮಕ್ಕಳು, ಬಾಯಿಗೆ ಬಂದದ್ದು ಆಡುವ ಅತ್ತೆ ಗಂಗಮ್ಮ, ಇವೆಲ್ಲದರ ನಡುವೆ ಸರ್ಕಾರದ ಪುಸ್ತಕ. ಬರಹ ಅವಳದು, ಸಹಿ ಅವನದು. ಪೋಟಿಗಿ ಅವನ ಕೈಗೆ ಸಿಕ್ಕರೆ ಹೋಟೆಲ್ ತಿಂಡಿಯಲ್ಲೇ ಕರಗುತ್ತದೆ. ಸರ್ಕಾರದ ಕಾಗದದಲ್ಲಿ ಮಾತ್ರ ಶಾನುಭೋಗ ಎಂದರೆ ಅವನೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಡನ ಸೇವೆ ಮಾಡಿದ ಸತಿ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಆಕೆ ಮಾಡಿದ್ದು ಸೇವೆ ಅಲ್ಲ, ಹುದ್ದೆ. ಇಡೀ ಊರಿನ ಭೂಮಿಯ ಲೆಕ್ಕ ಆಕೆಯ ತಲೆಯಲ್ಲಿತ್ತು. ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಅಜ್ಜನ ಕಾಲದ ಕಂದಾಯ ರಸೀದಿ, ಲೆಕ್ಕದ ಪುಸ್ತಕ ಇದ್ದರೆ ಒಮ್ಮೆ ತೆಗೆದು, ಮೇಲಿನ ಬರಹವನ್ನೂ ಕೆಳಗಿನ ಸಹಿಯನ್ನೂ ತಾಳೆ ಹಾಕಿ ನೋಡಿ. ಎರಡೂ ಒಂದೇ ಕೈಯಾಗಿರಲೇಬೇಕೆಂದಿಲ್ಲ.

ಲೆಕ್ಕದ ಕೆಲಸದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಅದಕ್ಕೆ ಮುತ್ತುಗದ ಎಲೆ. ಮರದಿಂದ ಎಲೆ ಕಿತ್ತು ತಂದು, ಪೋಣಿಸಿ, ಒಣಗಿಸಿ, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚಿ, ಕಟ್ಟು ಕಟ್ಟಿ ಮಾರುವುದು. ಮದುವೆ ಮನೆಗೂ ಹೋಟೆಲಿಗೂ ಅದು ಬೇಕಿತ್ತು. ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಊಟ ಮಾಡುವ ನಮಗೆ ಒಂದು ಎಲೆಯ ಹಿಂದೆ ಎಷ್ಟು ಹೊತ್ತು ಕೂರಬೇಕೆಂದು ಅಂದಾಜಾಗುವುದಿಲ್ಲ. ಊರವರು ಮಲಗಿದ ಮೇಲೂ ಎಲೆ ಹಚ್ಚಿದ ಕೈಗಳು ಒಬ್ಬ ನಂಜಮ್ಮನವಲ್ಲ. ನಮ್ಮ ಸೀಮೆಯ ಹೆಣ್ಣುಮಕ್ಕಳು ಇಂದಿಗೂ ಗರಿ ಹೆಣೆಯುತ್ತಾರೆ, ಕಡ್ಡಿ ಸೀಳಿ ಪೊರಕೆ ಕಟ್ಟುತ್ತಾರೆ, ಅಟ್ಟದಿಂದ ಇಳಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಮಂಡಿಯ ಪಟ್ಟಿ ಬರುವುದು ಮಾತ್ರ ಸಾಮಾನ್ಯವಾಗಿ ಯಜಮಾನರ ಹೆಸರಿಗೆ.

ಆಮೇಲೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಮಾರಿ 1898ರಲ್ಲಿ ಬೆಂಗಳೂರು ಮುಟ್ಟಿತು. ತಿಪಟೂರಿಗೆ ರೈಲು ಆಗಲೇ ಬಂದಿತ್ತು. ಮೂಟೆ ಹೋದಲ್ಲಿಗೆ ಇಲಿ, ಇಲಿ ಹೋದಲ್ಲಿಗೆ ಅದರ ಮೈಮೇಲಿನ ಚಿಗಟ, ಚಿಗಟದ ಕಡಿತದಿಂದ ರೋಗ. 1940ರ ದಶಕದವರೆಗೂ ಅದು ಮತ್ತೆ ಮತ್ತೆ ಹಳ್ಳಿಗಳಿಗೆ ಬರುತ್ತಲೇ ಇತ್ತು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಖಾಲಿ. ಊರಾಚೆ ಹೊಲ ತೋಟಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಗುಡಿಸಲು ಹಾಕುವುದು ಗಂಡಸರಾದರೆ, ದಿನಸಿ, ಪಾತ್ರೆ, ಕೂಸು, ಕಾಯಿಲೆಯವರು, ಎಲ್ಲವನ್ನೂ ಹೊತ್ತು ಅಲ್ಲಿ ಮತ್ತೊಂದು ಮನೆ ಹೂಡಬೇಕಾದವರು ಹೆಂಗಸರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದು ಜ್ವರ ಬಂದರೆ ಎರಡು ಮೂರು ದಿನದಲ್ಲೇ ಜೀವ ಹೋಗಬಹುದಿತ್ತು. ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲೇ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದು ಕಂಡುಹಿಡಿದಿದ್ದರು. ಬಂದ ರೋಗವನ್ನು ವಾಸಿಮಾಡುವ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ನಮ್ಮ ಹಳ್ಳಿಗೆ ಬರುವ ಹೊತ್ತಿಗೆ ಇನ್ನೂ ತಡವಾಗಿತ್ತು.

ಕಾದಂಬರಿಯಲ್ಲಿ ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ ಒಂದೇ ದಿನ ಹೋಗುತ್ತಾರೆ. ಪಾರ್ವತಿಗೆ ಆಗಷ್ಟೇ ಮದುವೆಯಾಗಿತ್ತು. ಮುಂದೊಂದು ಪ್ಲೇಗಿನಲ್ಲಿ ನಂಜಮ್ಮನೂ ಹೋಗುತ್ತಾಳೆ. ಉಳಿದವನು ಕಿರಿಯ ವಿಶ್ವ. ನಿಜದಲ್ಲೂ ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. ಅವರಿವರ ಮನೆಯಲ್ಲಿ ಉಂಡು, ಸಿಕ್ಕ ಕೆಲಸ ಮಾಡಿ ಓದಿದರು. ಗೌರಮ್ಮನವರು ಮಗನ ಮದುವೆ ನೋಡಲಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಲಿಲ್ಲ.

ಆ ಕತೆಯಲ್ಲಿ ಅಜ್ಜಿಯಾಗಿ ಬಾಳಿದವಳು ಅಕ್ಕಮ್ಮ. ನಂಜಮ್ಮನ ತಂದೆ ಕಂಠೀಜೋಯಿಸರ ತಾಯಿ. ತಾಯಿಯಿಲ್ಲದ ನಂಜಮ್ಮನನ್ನು ಸಾಕಿದವಳು, ಅವಳ ಮಕ್ಕಳಿಗೂ ಆಸರೆಯಾದವಳು. ನಾಗಲಾಪುರದಿಂದ ರಾಮಸಂದ್ರಕ್ಕೆ ಆ ಮುದುಕಿ ಬಂದಾಗಲೆಲ್ಲ ಓದುವವರಿಗೇ ಉಸಿರು ಹಗುರಾಗುತ್ತದೆ. ನಂಜಮ್ಮನ ಗಟ್ಟಿತನ ಎಲ್ಲಿಂದ ಬಂತು ಎಂದು ಕೇಳಿದರೆ, ವಿಮರ್ಶಕರು ಏನೇ ಹೇಳಲಿ, ಅಕ್ಕಮ್ಮನಿಂದ ಎಂದೇ ನಮ್ಮ ಎಣಿಕೆ.

ವಂಶಪಾರಂಪರ್ಯದ ಶಾನುಭೋಗಿಕೆ ಈಗ ಇಲ್ಲ. ಗ್ರಾಮ ಹುದ್ದೆಗಳನ್ನು ರದ್ದುಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಯಾಯಿತು. ಆ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು, ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಗ್ರಾಮ ಆಡಳಿತ ಅಧಿಕಾರಿಗಳಲ್ಲಿ ಇವತ್ತು ಹೆಣ್ಣುಮಕ್ಕಳೂ ಸಾಕಷ್ಟು ಮಂದಿ ಇದ್ದಾರೆ. ಸ್ಕೂಟಿಯಲ್ಲಿ ಊರಿಗೆ ಬರುತ್ತಾರೆ, ಬೆಳೆ ನೋಡುತ್ತಾರೆ, ಲೆಕ್ಕ ಬರೆಯುತ್ತಾರೆ. ಕೆಳಗೆ ತಮ್ಮದೇ ಹೆಸರಿನಲ್ಲಿ ಸಹಿ ಮಾಡುತ್ತಾರೆ.