ಎಂಟನೆಯವನಾಗಿ ಬಂದ ಪೊಲಾರ್ಡ್

2010ರ ಏಪ್ರಿಲ್ 25, ಭಾನುವಾರ. ನವಿ ಮುಂಬೈಯ ನೆರೂಲಿನಲ್ಲಿರುವ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೂರನೇ ಐಪಿಎಲ್‌ನ ಫೈನಲ್. ಚೆನ್ನೈ 168 ರನ್ ಮಾಡಿತ್ತು. ಮುಂಬೈ ಇಂಡಿಯನ್ಸ್ ಬೆನ್ನಟ್ಟಲು ಹೊರಟಾಗ ಶಿಖರ್ ಧವನ್ ಸೊನ್ನೆಗೆ ಔಟಾದರು. ಸೆಮಿಫೈನಲ್‌ನಲ್ಲಿ ಕೈಗೆ ಪೆಟ್ಟು ಮಾಡಿಕೊಂಡಿದ್ದ ಸಚಿನ್ ತೆಂಡೂಲ್ಕರ್ ಹಲ್ಲು ಕಚ್ಚಿ ಆಡುತ್ತಿದ್ದರು. ಧವನ್ ನಂತರ ಅಭಿಷೇಕ್ ನಾಯರ್ ಬಂದರು, ಆಮೇಲೆ ಹರ್ಭಜನ್ ಸಿಂಗ್, ಆಮೇಲೆ ಅಂಬಟಿ ರಾಯುಡು, ಸೌರಭ್ ತಿವಾರಿ, ಡುಮಿನಿ. ಆ ವರ್ಷ ತಂಡ ಜಿದ್ದಿಗೆ ಬಿದ್ದು ಕೊಂಡಿದ್ದ ಕೀರನ್ ಪೊಲಾರ್ಡ್ ಮಾತ್ರ ಪ್ಯಾಡ್ ಕಟ್ಟಿಕೊಂಡು ಕೂತೇ ಇದ್ದರು. ಕೊನೆಗೆ ಎಂಟನೆಯವರಾಗಿ ಬಂದು 10 ಎಸೆತಗಳಲ್ಲಿ 27 ರನ್ ಹೊಡೆದರು. ಧೋನಿ ಮ್ಯಾಥ್ಯೂ ಹೇಡನ್‌ರನ್ನು ಬೌಲರಿನ ಬೆನ್ನ ಹಿಂದೆಯೇ ಎನ್ನುವಷ್ಟು ನೇರಕ್ಕೆ ತಂದು ನಿಲ್ಲಿಸಿದ್ದರು. ಚೆಂಡು ಅಲ್ಲಿಗೇ ಹೋಯಿತು. ಮುಂಬೈ 22 ರನ್ನಿನಿಂದ ಸೋತಿತು.

ಮರುದಿನ ಬೆಳಿಗ್ಗೆ ಹಾರ್ಬರ್ ಲೈನಿನ ಲೋಕಲಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ, ಮರಾಠಿ, ಹಿಂದಿ, ಗುಜರಾತಿಯಲ್ಲಿ: ಅಷ್ಟು ದುಡ್ಡು ಸುರಿದು ತಂದದ್ದು ಡಗ್‌ಔಟಿನಲ್ಲಿ ಕೂರಿಸುವುದಕ್ಕಾ?

ಈ ಪ್ರಶ್ನೆ ಈ ಊರಿಗೆ ಹೊಸದು. ಬಾಂಬೆ ತಂಡ 1958–59ರಿಂದ 1972–73ರವರೆಗೆ ಸತತ 15 ಸಲ ರಣಜಿ ಟ್ರೋಫಿ ಗೆದ್ದಾಗ ಆಟಗಾರರ ಬೆಲೆಯ ಮಾತೇ ಇರಲಿಲ್ಲ. ದುಡ್ಡು ಇರಲಿಲ್ಲವೆಂದಲ್ಲ. ಟಾಟಾ, ಎಸಿಸಿ, ಮಫತ್‌ಲಾಲ್, ನಿರ್ಲಾನ್‌ನಂಥ ಕಂಪನಿಗಳು ಆಟಗಾರರಿಗೆ ನೌಕರಿ ಕೊಟ್ಟು ಟೈಮ್ಸ್ ಶೀಲ್ಡ್‌ನಲ್ಲಿ ಆಡಿಸುತ್ತಿದ್ದವು. ಗವಾಸ್ಕರ್ ನಿರ್ಲಾನ್‌ನವರು. ಆ ಸಂಬಳ ಯಾರ ನಾಲಿಗೆಯ ಮೇಲೂ ಇರುತ್ತಿರಲಿಲ್ಲ, ಆಟಗಾರ ಯಾವ ಮೈದಾನದಲ್ಲಿ ಬೆಳೆದವನೆಂಬುದು ಇರುತ್ತಿತ್ತು. ಆ ಸರಪಳಿಯನ್ನು ಕಡಿದದ್ದು ನಮ್ಮವರೇ ಎಂದು ಇಲ್ಲಿ ನೆನಪಿಸದೆ ಇರಲಾರೆ. 1974ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಪ್ರಸನ್ನ ಗವಾಸ್ಕರ್‌ರನ್ನು ಬೌಲ್ಡ್ ಮಾಡಿದರು, ವಾಡೇಕರ್ ರನೌಟ್ ಆದರು, ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಗೆದ್ದಿತು.

ಬೆಲೆ ಬಹಿರಂಗವಾದದ್ದು 2008ರಲ್ಲಿ. ಮುಂಬೈ ತಂಡಕ್ಕೆ ರಿಲಯನ್ಸ್ ಕೊಟ್ಟದ್ದು 11.19 ಕೋಟಿ ಡಾಲರ್. ಎಂಟು ತಂಡಗಳಲ್ಲಿ ಅದೇ ದುಬಾರಿ, ಬೆಂಗಳೂರು 11.16 ಕೋಟಿಯೊಂದಿಗೆ ಕೂದಲೆಳೆಯಷ್ಟು ಹಿಂದೆ. ಫೆಬ್ರವರಿ 20ರಂದು ಮುಂಬೈಯಲ್ಲೇ ಆಟಗಾರರ ಹರಾಜು ನಡೆಯಿತು. ಹರಾಜಿಗೆ ಮರಾಠಿಯಲ್ಲಿ ‘ಲಿಲಾವ್’. ನಮ್ಮ ಉತ್ತರ ಕರ್ನಾಟಕದಲ್ಲೂ ‘ಲಿಲಾವು’ ಎನ್ನುವವರಿದ್ದಾರೆ. ಅದು ಪೋರ್ಚುಗೀಸರಿಂದ ಬಂದದ್ದು, ‘ಹರಾಜು’ ಅರಬ್ಬಿ ಮೂಲದ್ದು. ಹಡಗಿನ ಸರಕನ್ನು ಕೂಗಿ ಮಾರುವ ವ್ಯಾಪಾರದ ಜೊತೆಗೆ ಇಳಿದ ಮಾತುಗಳಲ್ಲಿ ಈಗ ಮನುಷ್ಯರ ಬ್ಯಾಟಿಂಗನ್ನು ಅಳೆಯಬೇಕಾಯಿತು.

ಆ ದಿನ ಮುಂಬೈ ಜಯಸೂರ್ಯರನ್ನು 9,75,000 ಡಾಲರಿಗೂ, ಹರ್ಭಜನ್‌ರನ್ನು 8,50,000ಕ್ಕೂ, ನಮ್ಮ ರಾಬಿನ್ ಉತ್ತಪ್ಪರನ್ನು 8,00,000ಕ್ಕೂ ಕೊಂಡಿತು. ‘ಐಕಾನ್’ ಆಟಗಾರನಿಗೆ ತಂಡದ ದುಬಾರಿ ಆಟಗಾರನಿಗಿಂತ ಶೇ. 15 ಹೆಚ್ಚು ಕೊಡಬೇಕೆಂಬ ನಿಯಮವಿತ್ತು. ಹಾಗಾಗಿ ಜಯಸೂರ್ಯರ ಬೆಲೆ ಏರಿದಂತೆ ಸಚಿನ್‌ರದ್ದೂ ತಾನಾಗಿ ಏರಿ 11,21,250ಕ್ಕೆ ಮುಟ್ಟಿತು. ಫಲ? ಮುಂಬೈ ಐದನೇ ಸ್ಥಾನ. ಎಲ್ಲಕ್ಕಿಂತ ಅಗ್ಗವಾಗಿ, 6.7 ಕೋಟಿ ಡಾಲರಿಗೆ ಮಾರಾಟವಾಗಿದ್ದ ರಾಜಸ್ಥಾನ ಕಪ್ ಎತ್ತಿತು. ಮುಂದಿನ ವರ್ಷ ಉತ್ತಪ್ಪರನ್ನು ಬೆಂಗಳೂರಿಗೆ ಕೊಟ್ಟು ಜಹೀರ್ ಖಾನ್‌ರನ್ನು ತಂದರು. ಆಗ ಏಳನೇ ಸ್ಥಾನ.

ಇಲ್ಲಿ ಅಭಿಮಾನಿಗಳು ಮರೆಯುವ ಒಂದು ಸಂಗತಿಯಿದೆ. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಹರಾಜಿನಲ್ಲಿ ಎಲ್ಲರ ಪರ್ಸಿಗೂ ಒಂದೇ ಮಿತಿ. ಅಂಬಾನಿಯ ಜೇಬು ದೊಡ್ಡದೆಂದು ಸುತ್ತಿಗೆ ಕಾಯುವುದಿಲ್ಲ. ಆ ಮಿತಿಯಲ್ಲೂ ಒಂದು ಕಿಂಡಿ ತೆರೆದದ್ದು 2010ರ ಜನವರಿಯ ಹರಾಜಿನಲ್ಲಿ. ಪ್ರತಿ ತಂಡಕ್ಕೆ 7,50,000 ಡಾಲರ್ ಮಿತಿ. ಪೊಲಾರ್ಡ್ ಹೆಸರು ಬಂದಾಗ ಒಂದಕ್ಕಿಂತ ಹೆಚ್ಚು ತಂಡಗಳು ಆ ಮಿತಿಯನ್ನೇ ಮುಟ್ಟಿದವು. ಆಗ ಗುಟ್ಟಿನ ಟೈ-ಬ್ರೇಕರ್: ಒಬ್ಬೊಬ್ಬರೂ ಮೇಲಿನ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಡಬೇಕು, ಹೆಚ್ಚು ಬರೆದವರಿಗೆ ಆಟಗಾರ. ಆ ಹೆಚ್ಚಿನ ಹಣ ಆಟಗಾರನಿಗಲ್ಲ, ಮಂಡಳಿಗೆ. ಮುಂಬೈ ಗೆದ್ದಿತು. ಎಷ್ಟು ಬರೆದಿತ್ತೆಂದು ಪ್ರಕಟಿಸಲಿಲ್ಲ. ಬೆಲೆ ತಿಳಿಯದ ಆಟಗಾರನ ಬಗ್ಗೆ ಜನ ತಮಗೆ ತೋಚಿದ ಬೆಲೆ ಕಟ್ಟಿಕೊಂಡರು. ಏಪ್ರಿಲ್ 25ರ ಸಿಟ್ಟಿಗೆ ಆ ಕಾಣದ ಅಂಕಿಯೂ ತುಪ್ಪ ಸುರಿಯಿತು.

ಆ ಸಿಟ್ಟು ನ್ಯಾಯವೇ? ತಂಡದ ಪರವಾಗಿಯೂ ವಾದವಿತ್ತು, ಅದು ಟೊಳ್ಳಾಗಿರಲಿಲ್ಲ. ನಾಲ್ಕು ದಿನದ ಹಿಂದೆ ಅದೇ ಮೈದಾನದಲ್ಲಿ ಬೆಂಗಳೂರಿನ ವಿರುದ್ಧ ಸೆಮಿಫೈನಲ್. (ಅದು ಬೆಂಗಳೂರಿನಲ್ಲೇ ನಡೆಯಬೇಕಿತ್ತು. ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಬಾಂಬ್ ಸಿಡಿದ ಮೇಲೆ ಇಲ್ಲಿಗೆ ಬಂತು.) ಅಲ್ಲಿ ಪೊಲಾರ್ಡ್ ಕೊನೆಗೆ ಬಂದು 13 ಎಸೆತಗಳಲ್ಲಿ ಔಟಾಗದೆ 33 ಹೊಡೆದು, ಮೂರು ವಿಕೆಟ್ಟನ್ನೂ ಕಿತ್ತು, ಒಬ್ಬರೇ ಪಂದ್ಯ ತಿರುಗಿಸಿದ್ದರು. ಲೀಗ್ ಹಂತದಲ್ಲಿ 14ರಲ್ಲಿ 10 ಪಂದ್ಯ ಗೆದ್ದು ಮೊದಲಿಗರಾದದ್ದೂ ಇದೇ ಲೆಕ್ಕಾಚಾರದಲ್ಲಿ. ಗೆಲ್ಲಿಸಿದ ಕ್ರಮವನ್ನು ಫೈನಲ್ ಎಂಬ ಕಾರಣಕ್ಕೆ ಬದಲಿಸುವುದೇಕೆ?

ಆದರೆ ಸೆಮಿಫೈನಲ್‌ನಲ್ಲಿ ಮುಂಬೈ ಮೊದಲು ಬ್ಯಾಟ್ ಮಾಡಿತ್ತು, ಫೈನಲ್‌ನಲ್ಲಿ ಬೆನ್ನಟ್ಟುತ್ತಿತ್ತು. ಮೊದಲು ಆಡುವಾಗ ಕೊನೆಗೆ ಬರುವ ಹೊಡೆತ ಲಾಭಕ್ಕೆ ಸೇರುತ್ತದೆ, ಬೆನ್ನಟ್ಟುವಾಗ ಅದು ಬಡ್ಡಿ ಏರಿದ ಸಾಲ ತೀರಿಸಬೇಕು. ಹಬ್ಬಕ್ಕೆಂದು ತೆಗೆದಿಟ್ಟ ಸೀರೆಯನ್ನು ಹಬ್ಬದ ದಿನವೂ ಬೀರುವಿನಲ್ಲೇ ಇಟ್ಟಂತಾಯಿತು. ದುಬಾರಿ ಎಂಬುದೇ ಕೈ ತಡೆಯಿತೇನೋ ಎಂದು ನನ್ನ ಅನುಮಾನ. ಹರ್ಭಜನ್ ವಿಕೆಟ್ ಹೋದರೆ ಹೋಗಲಿ ಎನ್ನಬಹುದಿತ್ತು, ಪೊಲಾರ್ಡ್ ವಿಕೆಟ್ ಬಗ್ಗೆ ಹಾಗೆನ್ನಲು ಧೈರ್ಯ ಬೇಕಿತ್ತು.

2011ಕ್ಕೆ ನಿಯಮ ಬದಲಾಯಿತು. ಅದುವರೆಗೆ ಮೊದಲ ಸ್ಥಾನಕ್ಕೂ ನಾಲ್ಕನೆಯದಕ್ಕೂ ಸೆಮಿಫೈನಲ್‌ನಲ್ಲಿ ಭೇದವಿರಲಿಲ್ಲ, ಸೋತವರು ಮನೆಗೆ. ಈಗ ಮೊದಲ ಇಬ್ಬರಿಗೆ ಎರಡು ಅವಕಾಶ. ಹಾಗಾಗಿ ಅಭಿಮಾನಿಗಳ ಚರ್ಚೆಗೂ ಹೊಸ ವಿಷಯ ಸಿಕ್ಕಿತು: ಬರೀ ಪ್ಲೇಆಫ್ ಸೇರಿದರೆ ಸಾಲದು, ಎರಡರೊಳಗೆ ಸೇರಬೇಕು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಹರಾಜಿನಲ್ಲಿ ಮುಂಬೈ ರೋಹಿತ್ ಶರ್ಮಾರಿಗೆ 20 ಲಕ್ಷ ಡಾಲರ್ ಕೊಟ್ಟಿತು. ಬೊರಿವಲಿಯಲ್ಲಿ ಬೆಳೆದ ಹುಡುಗ ಮೂರು ವರ್ಷ ಡೆಕ್ಕನ್ ಚಾರ್ಜರ್ಸ್‌ಗೆ ಆಡಿ, ಅಲ್ಲಿ ಕಪ್ಪನ್ನೂ ಗೆದ್ದು, ಆಮೇಲೆ ದುಡ್ಡು ಕೊಟ್ಟು ಮನೆಗೆ ಕರೆತರಬೇಕಾದವ. ಮೈದಾನದ ಲೆಕ್ಕಕ್ಕೂ ಹರಾಜಿನ ಲೆಕ್ಕಕ್ಕೂ ತಾಳೆಯಾದ ಅಪರೂಪದ ಖರೀದಿ ಅದು. ಆದರೂ 2011ರಲ್ಲಿ ಮೂರನೇ ಸ್ಥಾನದಿಂದ ಹೊರಟು ಬೆಂಗಳೂರಿಗೆ ಸೋತರು, 2012ರಲ್ಲಿ ಎಲಿಮಿನೇಟರ್‌ನಲ್ಲೇ ಚೆನ್ನೈಗೆ.

2013ರ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಗ್ಲೆನ್ ಮ್ಯಾಕ್ಸ್‌ವೆಲ್‌ಗೆ: ಹತ್ತು ಲಕ್ಷ ಡಾಲರ್, ಮುಂಬೈಯಿಂದ. ನಾಲ್ಕು ಲಕ್ಷಕ್ಕೆ ತಂದ ರಿಕಿ ಪಾಂಟಿಂಗ್ ನಾಯಕ. ಪಾಂಟಿಂಗ್ ರನ್ ಬಾರದೆ ತಾವೇ ಹೊರಗೆ ಕೂತರು, ರೋಹಿತ್ ನಾಯಕರಾದರು. ಮ್ಯಾಕ್ಸ್‌ವೆಲ್ ಆಡಿದ್ದು ಮೂರೇ ಪಂದ್ಯ. ಹರಾಜಿಗೇ ಬಾರದೆ, ಜಾನ್ ರೈಟ್ ಕಣ್ಣಿಗೆ ಬಿದ್ದು ತಂಡ ಸೇರಿದ ಜಸ್‌ಪ್ರೀತ್ ಬುಮ್ರಾ ಆ ವರ್ಷವೇ ಬೆಂಗಳೂರಿನಲ್ಲಿ ಮೊದಲ ಪಂದ್ಯ ಆಡಿ ಮೂರು ವಿಕೆಟ್ ತೆಗೆದರು.

ಲೀಗ್‌ನಲ್ಲಿ ಮುಂಬೈಗೆ ಎರಡನೇ ಸ್ಥಾನ. ಮೊದಲ ಕ್ವಾಲಿಫೈಯರ್‌ನಲ್ಲಿ ಚೆನ್ನೈಗೆ 48 ರನ್ನಿನಿಂದ ಸೋತಿತು. ಹಳೆಯ ನಿಯಮವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಎರಡನೇ ಅವಕಾಶದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೇ 26ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಚೆನ್ನೈ ಎದುರು ಫೈನಲ್. ಮುಂಬೈ ಮೊದಲು ಬ್ಯಾಟ್ ಮಾಡಿ 52ಕ್ಕೆ ನಾಲ್ಕು ವಿಕೆಟ್ ಕಳೆದುಕೊಂಡಾಗ ಇನ್ನೂ ಅರ್ಧ ಇನ್ನಿಂಗ್ಸ್ ಬಾಕಿಯಿತ್ತು. ಈ ಸಲ ಪೊಲಾರ್ಡ್ ಆರನೆಯವರಾಗಿ ಆಗಲೇ ಇಳಿದರು. ಕೊನೆಯವರೆಗೂ ನಿಂತು 32 ಎಸೆತಗಳಲ್ಲಿ 60 ಮಾಡಿದರು. ಮುಂಬೈ 148, ಚೆನ್ನೈ 125. ಮೊದಲ ಕಪ್ ಬಂತು, ಪಂದ್ಯಶ್ರೇಷ್ಠ ಪೊಲಾರ್ಡ್.

ಮರುದಿನ ಲೋಕಲಿನಲ್ಲಿ ಖುಷಿ ಇತ್ತು, ಪೇಢೆಯೂ ಕೈಯಿಂದ ಕೈಗೆ ಬಂತು. ಆದರೂ ಒಬ್ಬರು ಪೇಢೆ ಬಾಯಲ್ಲಿಟ್ಟುಕೊಂಡೇ ಲೆಕ್ಕ ತೆಗೆದರು: ಮೂರು ಪಂದ್ಯಕ್ಕೆ ಹತ್ತು ಲಕ್ಷ ಡಾಲರ್ ಅಂದರೆ ಒಂದಕ್ಕೆ ಎಷ್ಟು ಬಿತ್ತು? ಕುರ್ಲಾ ಬರುವವರೆಗೂ ಅದೇ ಜಗಳ.